ಸರಿಯಾದ ಆಯಿಲ್

ಕೊನೆಯ ಸುತ್ತು ತಿರುಗಿಸಿದ್ದೇ ಇಂಜಿನ್ನಿನಡಿಯ ಬೋಲ್ಟು ಬೆರಳಿನಿಂದ ಜಾರಿ ಟ್ರೇಯೊಳಗೆ ಬಿತ್ತು. ಅದರ ಬೆನ್ನಿಗೇ ಹಳೆಯ ಆಯಿಲ್ ಕಪ್ಪಗೆ, ಬೆಚ್ಚಗೆ, ವೆಂಕಟೇಶಮೂರ್ತಿಯ ಕೈಮೇಲೆ ಹರಿಯಿತು. ಕಾರಿನಡಿ ಅಂಗಾತ ಮಲಗಿದ್ದವನು ಕೈ ಎಳೆದುಕೊಳ್ಳಲಿಲ್ಲ. ಗ್ಲೌಸ್ ಹಾಕಿದ್ದ. ಆರು ವಾರದಲ್ಲಿ ತನ್ನ ಮೈಗೆ ತಾಗಿದ ಮೊದಲ ಬಿಸಿ ಇದು ಅಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಸ್ವಲ್ಪ ಹೊತ್ತಿನಲ್ಲಿ ಧಾರೆ ಸಣ್ಣಗಾಗಿ ಹನಿಯಾಯಿತು. ಇನ್ನು ಈ ಕಾರು ಎಲ್ಲಿಗೂ ಹೋಗುವಂತಿಲ್ಲ. ಹಾಗನ್ನಿಸಿದಾಗ ಅವನಿಗಾದದ್ದು ಗಾಬರಿಯಲ್ಲ, ಹಾಲು ಕುಡಿದಷ್ಟು ಸಂತೋಷ.

ಹನ್ನೆರಡಕ್ಕೆ ಅವನು ಹೆಂಡತಿಯನ್ನು ಕರೆತರಬೇಕಿತ್ತು.

ಈ ಪರದೇಶದಲ್ಲಿ ಶರ್ಮಿಳಾ ನರ್ಸು. ಕ್ಲಾಂಡಾಲ್ಕಿನ್‌ನ ಈ ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿರುವ, ವಯಸ್ಸಾದವರ ನರ್ಸಿಂಗ್ ಹೋಮಿನಲ್ಲಿ ಕೆಲಸ. ಏಪ್ರಿಲ್ ಮೊದಲ ವಾರ ಅಲ್ಲಿಗೆ ಕೊರೋನಾ ಹೊಕ್ಕಿತು. ಆ ದಿನ ವೆಂಕಟೇಶಮೂರ್ತಿ ಅವಳಿಗೆ ಏನೂ ಹೇಳಲಿಲ್ಲ. ಆರೋಗ್ಯ ಸಿಬ್ಬಂದಿ ಮನೆಯವರಿಂದ ಬೇರೆ ಇರುವುದು ಒಳ್ಳೆಯದು ಎಂಬ ಸುದ್ದಿಯೊಂದರ ಲಿಂಕನ್ನು ಪಕ್ಕದ ಕೋಣೆಯಿಂದ ಅವಳ ವಾಟ್ಸಾಪಿಗೆ ಕಳಿಸಿದ. ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ಅಡುಗೆಮನೆಯಲ್ಲಿ ಅವಳ ಫೋನು ಟಿಂಗ್ ಎಂದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಪಾತ್ರೆಯ ಸದ್ದೂ ಕೇಳಿಸಲಿಲ್ಲ. ಮಾರನೆಯ ದಿನ ಅವಳು ಟ್ರಾಲಿ ಬ್ಯಾಗ್ ಎಳೆದುಕೊಂಡು ಹೊರಟಳು. ಕೇಳಿದವರಿಗೆಲ್ಲ, ನಮ್ಮನೆಯವರಿಗೆ ಚಿಕ್ಕಂದಿನಿಂದ ದಮ್ಮು, ಹುಷಾರಾಗಿರಬೇಕಲ್ಲ ಎಂದು ಅವಳೇ ಕಾರಣ ಹೇಳಿದಳು. ಆ ದಮ್ಮು ಅವನ ಹದಿಮೂರನೇ ವಯಸ್ಸಿಗೇ ಬಿಟ್ಟುಹೋಗಿತ್ತು.

ನಾಲ್ವರು ನರ್ಸುಗಳು ಸೇರಿ ನರ್ಸಿಂಗ್ ಹೋಮಿನ ಪಕ್ಕದಲ್ಲೇ ಹಿಡಿದ ಬಾಡಿಗೆ ಮನೆಯಲ್ಲಿ ಅವಳಿಗೂ ಕಾಯಿಲೆ ಬಂತು. ಹದಿನಾಲ್ಕು ದಿನ ಒಂದೇ ಕೋಣೆಯಲ್ಲಿದ್ದಳು, ವಾಸಿಯಾಯಿತು, ಮತ್ತೆ ಕೆಲಸಕ್ಕೆ ಹೋದಳು. ಈ ನಡುವೆ ಅವಳು ಉಣಿಸಿ, ಸ್ನಾನ ಮಾಡಿಸಿ ನೋಡಿಕೊಳ್ಳುತ್ತಿದ್ದ ಹನ್ನೊಂದು ಜನ ತೀರಿಕೊಂಡಿದ್ದರು. ಒಬ್ಬೊಬ್ಬರ ಹೆಸರು ಹಿಡಿದು ಫೋನಿನಲ್ಲಿ ಹೇಳಿದ್ದಳು. ಅವನು ಹೂಂ ಅನ್ನುತ್ತಿದ್ದ. ಬಾಡಿಗೆಯ ಅವಧಿ ಮುಗಿದು ಈ ಭಾನುವಾರ ಅವರು ಆ ಮನೆ ಖಾಲಿ ಮಾಡುತ್ತಿದ್ದರು. ಅವಳಿಗೆ ಹೋಗಲು ಉಳಿದದ್ದು ತನ್ನ ಮನೆಯೊಂದೇ.

ಗಾಡಿ ಎರಡು ತಿಂಗಳಿಂದ ನಿಂತಲ್ಲೇ ನಿಂತಿದೆ, ಆಯಿಲ್ ಬದಲಿಸದೆ ತೆಗೆದರೆ ಇಂಜಿನ್ನಿಗೆ ಒಳ್ಳೆಯದಲ್ಲ ಎಂದು ಅವನು ಅವಳಿಗೆ ಹೇಳಿದ್ದ. ಗರಾಜುಗಳು ತೆರೆದೇ ಇದ್ದವು. ಆದರೆ ಯಾವನೋ ಬಂದು ಸೀಟಿನಲ್ಲಿ ಕೂತು ಉಸಿರಾಡುವುದು ಅವನಿಗೆ ಬೇಡವಾಗಿತ್ತು. ಕಾರಿನ ಜೊತೆ ಬಂದ ಮ್ಯಾನ್ಯುಯಲ್ ಓದಿದ. ವೀಡಿಯೋಗಳನ್ನು ನೋಡಿದ. ಎಕ್ಸೆಲ್ ಶೀಟ್ ಮಾಡಿದ: ಚಳಿಯಲ್ಲಿ ಎಷ್ಟು ತೆಳ್ಳಗಿರಬೇಕು, ಕಾದಾಗ ಎಷ್ಟು ಮಂದವಾಗಿರಬೇಕು, ಹೊಗೆ ಸೋಸುವ ಫಿಲ್ಟರು ಕಟ್ಟಿಕೊಳ್ಳದಿರಲು ಡಬ್ಬಿಯ ಮೇಲೆ ಯಾವ ಗುರುತಿರಬೇಕು. ಶರ್ಮಿಳಾ ಕೆಮ್ಮುತ್ತ ಮಲಗಿದ್ದ ಹದಿನಾಲ್ಕು ದಿನಗಳಲ್ಲಿ ಆ ಶೀಟು ಇಪ್ಪತ್ತೇಳು ಸಾಲಿಗೆ ಬೆಳೆಯಿತು. ಮೀನ ಮೇಷ ಎಣಿಸಿ ಕೊನೆಗೆ ಸಿ ತ್ರೀ ಗುರುತಿನ ಒಂದು ಆಯಿಲನ್ನು ಆನ್‌ಲೈನಿನಲ್ಲಿ ತರಿಸಿದ.

ಅದು ಗುರುವಾರ ಬಂತು. ಅವನ ಮನೆಯಲ್ಲಿ ಪಾರ್ಸೆಲ್ಲಿಗೆ ಮೂರು ದಿನ ಕ್ವಾರಂಟೈನ್, ಮುಂಬಾಗಿಲಿನ ಗಾಜಿನ ಪೋರ್ಚಿನಲ್ಲಿ. ಆ ಅವಧಿ ಇವತ್ತು ಬೆಳಿಗ್ಗೆ ಮುಗಿದಿತ್ತು.

ಈಗ ಬೋಲ್ಟು ಬಿಗಿ ಮಾಡಿ, ಹೊಸ ಆಯಿಲ್ ಫಿಲ್ಟರ್ ಕೂರಿಸಿ, ಕಾರನ್ನು ಜಾಕಿನಿಂದ ಇಳಿಸಿ, ಪೆಟ್ಟಿಗೆ ಬಿಚ್ಚಿ ಡಬ್ಬಿ ಎತ್ತಿ ಹಿಡಿದ. ಸಣ್ಣಕ್ಷರದಲ್ಲಿ ಎ ತ್ರೀ ಎಂದಿತ್ತು. ಕೇಳಿದ್ದು ಸ್ಟಾಕಿಲ್ಲ, ಬದಲಿಗೆ ಇದನ್ನು ಕಳಿಸಿದ್ದೇವೆ ಎಂದು ಅಂಗಡಿಯವರ ಚೀಟಿ.

"ಛೆ" ಎಂದ, ಯಾರಿಗೋ ಕೇಳಿಸಲಿ ಎಂಬಂತೆ. ಅಲ್ಲಿ ಯಾರೂ ಇರಲಿಲ್ಲ.

ಆ ಛೆ ಸುಳ್ಳು. ಚೀಟಿ ಪೆಟ್ಟಿಗೆಯ ಹೊರಗೆ, ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಗುರುವಾರವೇ ಗಾಜಿನಾಚೆಯಿಂದ ಬಗ್ಗಿ ಓದಿದ್ದ. ಶುಕ್ರವಾರ ಮತ್ತೊಮ್ಮೆ ಓದಿದ್ದ. ಬೇರೆ ಡಬ್ಬಿ ತರಲು ಶನಿವಾರ ಇಡೀ ದಿನವಿತ್ತು. ಎಲ್ಲ ಗೊತ್ತಿದ್ದೇ ಇವತ್ತು ಬೆಳಿಗ್ಗೆ ಇಂಜಿನ್ ಬಿಸಿ ಮಾಡಿ, ಬೋಲ್ಟು ಬಿಚ್ಚಿ, ಇದ್ದ ಆಯಿಲನ್ನೂ ಚೆಲ್ಲಿದ್ದ.

ಲೆಪರ್ಡ್ಸ್‌ಟೌನ್‌ನ ಅವನ ಆಫೀಸಿನಲ್ಲಿ ಇದಕ್ಕೆ ಬ್ಲಾಕರ್ ಎನ್ನುತ್ತಾರೆ. ಇದು ಸರಿಹೋಗುವ ತನಕ ಮುಂದಿನದೇನನ್ನೂ ಮಾಡಕೂಡದು ಎಂಬ ಕೆಂಪು ಗುರುತು. ವೆಂಕಟೇಶಮೂರ್ತಿ ಅಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿನ ಲೀಡ್. ರಿಲೀಸಿನ ಹಿಂದಿನ ದಿನ ಸಣ್ಣಕ್ಷರದ ತಪ್ಪೊಂದನ್ನು ಹೆಕ್ಕಿ ಇಡೀ ತಂಡವನ್ನು ನಿಲ್ಲಿಸುವುದರಲ್ಲಿ ಅವನದು ಎತ್ತಿದ ಕೈ. ಪ್ರಮೋಷನ್ ಸಿಕ್ಕಿದ್ದೂ ಅದಕ್ಕೇ. ನಿಲ್ಲಿಸಿದವನನ್ನು ಯಾರೂ ಬೈಯುವುದಿಲ್ಲ ಎಂಬುದು ಎಂಟು ವರ್ಷದಲ್ಲಿ ಅವನು ಕಲಿತ ವಿದ್ಯೆ.

ಸಾಕ್ಷಿಗೊಬ್ಬರು ಬೇಕೆನ್ನಿಸಿ ಖಾಲಿದ್‌ಗೆ ಫೋನು ಮಾಡಿದ. ಖಾಲಿದ್ ಬೆಂಗಳೂರಿನವನು, ಎರಡು ರಸ್ತೆ ಆಚೆ ಮನೆ, ಕಾರಿನ ವಿಷಯ ಬಲ್ಲವನು. ಎಲ್ಲ ಕೇಳಿಸಿಕೊಂಡು ನಕ್ಕ.

"ಅದನ್ನೇ ಹಾಕು ಗುರು. ಒಂದ್ಸಲಕ್ಕೆ ಏನೂ ಆಗಲ್ಲ."

"ಫಿಲ್ಟರ್ ಕಟ್ಕೊಳ್ಳುತ್ತೆ ಅಂತ ಮ್ಯಾನ್ಯುಯಲ್ಲಲ್ಲಿ ಇದೆ."

"ಹೋಗಿ ಬರೋಕೆ ಹನ್ನೆರಡು ಕಿಲೋಮೀಟರು. ಏನ್ ಕಟ್ಕೊಳ್ಳುತ್ತೆ? ಬಿಡು, ನಾನೇ ಹೋಗಿ ಭಾಬಿನ ಕರ್ಕೊಂಡ್ ಬರ್ತೀನಿ."

"ಬೇಡ ಬೇಡ. ಗ್ರ್ಯಾಂಡ್, ಏನ್ ತೊಂದ್ರೆ ಇಲ್ಲ. ಏನೋ ಒಂದ್ ಮಾಡ್ತೀನಿ."

ಖಾಲಿದ್ ನಗು ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಮೂರ್ತಿ, ಹೆದರ್ಕೊಂಡಿದೀಯಾ?" ಎಂದ.

ಸಿಗ್ನಲ್ ಸರಿಯಿಲ್ಲ ಎಂದು ವೆಂಕಟೇಶಮೂರ್ತಿ ಫೋನಿಟ್ಟ.

ಹನ್ನೆರಡೂ ಹತ್ತಕ್ಕೆ ಶರ್ಮಿಳಾಳ ಫೋನು. ಆಯಿಲ್ ಕೈಕೊಟ್ಟಿತು ಎಂದು ಹೇಳಬೇಕೆಂದೇ ಎತ್ತಿದ್ದ. ಹೊರಟ್ರಾ ಎಂದು ಅವಳು ಕೇಳಿದಳು. ಆ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ, ಹೊರಟೆ ಎಂದುಬಿಟ್ಟ. ಗಾಡಿ ಸರಿಯಾಯ್ತಾ ಎಂದಳು. ಫಸ್ಟ್ ಕ್ಲಾಸಾಗಿದೆ ಎಂದ. ಒಂದು ಸುಳ್ಳಿನ ಹಿಂದೆ ಇನ್ನೊಂದು ತಾನಾಗಿ ಬಂತು. ಗೇಟಿನ ಹೊರಗೆ ಗೋಡೆಯ ಮೇಲೆ ಕೂತಿರ್ತೀನಿ, ರೂಮಿನ ಕೀ ವಾಪಸ್ ಕೊಟ್ಟಾಯ್ತು ಎಂದು ಹೇಳಿ ಅವಳು ಫೋನಿಟ್ಟಳು.

ಅವನು ಒಳಗೆ ಹೋಗಿ ಇಪ್ಪತ್ತು ಸೆಕೆಂಡು ಕೈ ತೊಳೆದ. ಮೇಲಿನ ಚಿಕ್ಕ ಕೋಣೆಗೆ ಹೋಗಿ ಹಾಸಿಗೆಯ ಹೊದಿಕೆ ಸರಿಮಾಡಿದ. ಅವಳಿಗೆಂದು ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ತಂದಿಟ್ಟ. ಕೆಳಗೆ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಅವಳ ಮೆಸೇಜುಗಳು ಬಂದವು. ಓದಿದ ಗುರುತು ಬೀಳಬಾರದೆಂದು ತೆರೆಯಲಿಲ್ಲ. ಅವಳು ಬೇಕಿತ್ತು. ಅವಳಿಲ್ಲದ ಮನೆಯಲ್ಲಿ ತನ್ನ ಹೆಜ್ಜೆಯ ಸದ್ದಿಗೆ ತಾನೇ ಬೆಚ್ಚಿ ಬೀಳುತ್ತಿದ್ದ. ಆದರೆ ಅವಳ ಉಸಿರು ಬೇಡವಾಗಿತ್ತು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಇಡಲು ಅವನ ಬಳಿ ಜಾಗವಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ಗಾಲಿಯ ಗರಗರ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದ. ಶರ್ಮಿಳಾ ನಡೆದು ಬರುತ್ತಿದ್ದಳು. ರಾತ್ರಿ ಪಾಳಿಯ ನೀಲಿ ಯೂನಿಫಾರ್ಮಿನಲ್ಲೇ ಇದ್ದಳು, ಕೋಟು ಬಿಚ್ಚಿ ಬ್ಯಾಗಿನ ಮೇಲೆ ಹಾಕಿಕೊಂಡಿದ್ದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಆರು ಕಿಲೋಮೀಟರು. ಮಾಸ್ಕ್ ಹುಡುಕಿ ಹಾಕಿಕೊಂಡು ಹೊರಗೆ ಬಂದ.

ಅವಳು ಮೊದಲು ಕಾರು ನೋಡಿದಳು, ಆಮೇಲೆ ಅವನನ್ನು.

"ಹೊರಟೆ ಅಂದ್ರಲ್ಲ?"

"ಸ್ವಲ್ಪ ಲೇಟಾಯ್ತು."

ಅವಳು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಅವನ ಕಾಲು ತಾನಾಗಿ ಹಿಂದೆ ಸರಿಯಿತು, ಕೈ ಮೇಲೆದ್ದಿತು. ಇಬ್ಬರೂ ಆ ಕೈಯನ್ನು ನೋಡಿದರು.

"ಅಲ್ಲೇ ಒಂದ್ನಿಮಿಷ. ಬ್ಯಾಗು ಹೊರಗಿರ್ಲಿ. ಮೇಲೆ ಚಿಕ್ಕ ರೂಮು ರೆಡಿ ಮಾಡಿದೀನಿ. ಮೂರು ದಿನ ಅಷ್ಟೆ."

"ಪಾರ್ಸೆಲ್ ಥರಾನಾ?"

ಅವನು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ.

"ನಂಗೆ ವಾಸಿಯಾಗಿ ಮೂರು ವಾರ ಆಯ್ತು ಕಣ್ರೀ. ಡಾಕ್ಟ್ರು ಬರ್ದು ಕೊಟ್ಟವ್ರೆ. ತೋರಿಸ್ಲಾ?"

"ಗೊತ್ತು. ಆದ್ರೂ."

ಆ 'ಆದ್ರೂ' ಅವನ ಬಾಯಿಂದ ಬಿದ್ದಮೇಲೆ ಅದನ್ನು ಎತ್ತಿಕೊಳ್ಳುವ ಬಗೆ ಅವನಿಗೆ ತಿಳಿಯಲಿಲ್ಲ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಕೋಟು ಎತ್ತಿ ಕೈಮೇಲೆ ಹಾಕಿಕೊಂಡಳು.

"ಗಾಡಿ ಕೀ ಕೊಡಿ."

"ಎಲ್ಲಿಗೆ?"

"ಡ್ಯೂಟಿ ರೂಮಲ್ಲಿ ಸೋಫಾ ಐತೆ. ಅಲ್ಲಿ ಯಾರೂ ಕೈ ಅಡ್ಡ ಹಿಡಿಯಲ್ಲ."

ಕೀ ಅವನ ಜೇಬಿನಲ್ಲಿತ್ತು. ತೆಗೆದು ಕಾಂಪೌಂಡಿನ ಗಿಡ್ಡ ಗೋಡೆಯ ಮೇಲಿಟ್ಟು ಎರಡು ಮೀಟರ್ ಹಿಂದೆ ಸರಿದ. ಎರಡು ತಿಂಗಳಿಂದ ಯಾರಿಗೆ ಏನು ಕೊಡುವುದಿದ್ದರೂ ಅವನು ಕೊಡುವ ರೀತಿ ಅದು. ಅವಳು ತೆಗೆದುಕೊಂಡಳು. ಬ್ಯಾಗನ್ನು ಹಿಂದಿನ ಸೀಟಿಗೆ ತಳ್ಳಿ, ಡ್ರೈವರ್ ಸೀಟನ್ನು ಮುಂದಕ್ಕೆಳೆದು ಕೂತಳು.

ಈಗ ಹೇಳಬೇಕು. ಆಯಿಲ್ ಇಲ್ಲ. ಎರಡೇ ಮಾತು. ಹೇಳಿದರೆ ಅವಳು ಕೇಳುತ್ತಾಳೆ, ಯಾವಾಗ ತೆಗೆದಿರಿ? ಇವತ್ತೇ ಯಾಕೆ ತೆಗೆದಿರಿ? ಫಸ್ಟ್ ಕ್ಲಾಸಾಗಿದೆ ಅಂದಿರಲ್ಲ? ಆಗ ಚೀಟಿ, ಗುರುವಾರ, ಶುಕ್ರವಾರ ಎಲ್ಲ ಹೊರಗೆ ಬರುತ್ತದೆ. ಹೇಳದಿದ್ದರೆ ಹೋಗುವುದು ಒಂದು ಇಂಜಿನ್ ಮಾತ್ರ. ಎಂಟು ವರ್ಷ ಎಲ್ಲರನ್ನೂ ನಿಲ್ಲಿಸಿದವನಿಗೆ ಈಗ ಬಾಯಿ ಬರಲಿಲ್ಲ.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಡ್ಯಾಶ್‌ಬೋರ್ಡಿನಲ್ಲಿ ಆಯಿಲಿನ ಕೆಂಪು ದೀಪ ಹೊತ್ತಿಕೊಂಡದ್ದು ಅವನಿಗೆ ಕಾರಿನ ಕಿಟಕಿಯಿಂದ ಕಂಡಿತು. ಜನವರಿಯಿಂದ ಸರ್ವೀಸಿನ ದೀಪವೊಂದು ಅಲ್ಲಿ ಉರಿಯುತ್ತಲೇ ಇತ್ತು. ಅದನ್ನು ಲೆಕ್ಕಿಸಬೇಡ ಎಂದು ಅವಳಿಗೆ ಹೇಳಿದವನು ಅವನೇ. ಅವಳು ದೀಪ ನೋಡಲಿಲ್ಲ. ಇಂಜಿನ್ ಓಡುತ್ತಿರಲು ಬಿಟ್ಟು, ಸ್ಟಿಯರಿಂಗಿಗೆ ಹಣೆ ಆನಿಸಿ ಅಳತೊಡಗಿದಳು. ಹೆಗಲು ಅಲುಗುತ್ತಿತ್ತು. ಎರಡು ನಿಮಿಷ, ಮೂರು ನಿಮಿಷ. ಅವನು ಮೂರು ಹೆಜ್ಜೆ ದೂರದಲ್ಲಿ ನಿಂತು ಇಂಜಿನ್ನಿನ ಸದ್ದು ಬದಲಾಗುವುದನ್ನು ಕೇಳಿಸಿಕೊಂಡ. ಆಮೇಲೆ ಅವಳು ಮೂಗು ಒರೆಸಿಕೊಂಡು ಕಾರನ್ನು ಹಿಂದೆ ತೆಗೆದು, ತಿರುಗಿಸಿ, ಹೊರಟಳು.

ಬಡಾವಣೆಯ ನಡುವಿನ ಹುಲ್ಲಿನ ಜಾಗದ ಸುತ್ತ ಜನ ಆಗಲೇ ಕುರ್ಚಿ ಹಾಕಿಕೊಂಡು ದೂರ ದೂರ ಕೂತಿದ್ದರು. ಲಾಕ್‌ಡೌನಿನ ಬೇಸರಕ್ಕೆ ಭಾನುವಾರದ ಬಿಂಗೋ, ಒಬ್ಬ ಮೈಕಿನಲ್ಲಿ ನಂಬರು ಕೂಗುತ್ತಿದ್ದ. ಕಾರು ಅವರ ನಡುವಿನ ತಿರುವಿಗೆ ಹೋಗುತ್ತಿದ್ದಂತೆ ಮಿಕ್ಸಿಯೊಳಗೆ ಕಲ್ಲು ಸಿಕ್ಕಂಥ ಸದ್ದು ಬಂತು. ಕಾರು ಒಮ್ಮೆ ಜಗ್ಗಿ ನಿಂತಿತು. ಶರ್ಮಿಳಾ ಕೀ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಆಮೇಲೆ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತುಬಿಟ್ಟಳು.

ಮೈಕು ಸುಮ್ಮನಾಯಿತು. ಸಹಾಯಕ್ಕೆ ಹತ್ತಿರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ. ಪಕ್ಕದ ಮನೆಯ ಮುದುಕಿ ಮಿಸೆಸ್ ಕೀನನ್ ಕಣ್ಣು ಕಿರಿದು ಮಾಡಿ ನೋಡಿದಳು. ಗಾಜಿನಾಚೆ ನರ್ಸಿನ ನೀಲಿ ಯೂನಿಫಾರ್ಮು ಕಂಡಿತು. ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದು ನಿಂತು ಅವಳು, ಆ ದಿನಗಳಲ್ಲಿ ಆರೋಗ್ಯ ಸಿಬ್ಬಂದಿಗೆ ಎಲ್ಲೆಡೆ ತಟ್ಟುತ್ತಿದ್ದಂತೆ, ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವನು ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಹುಲ್ಲಿನ ಸುತ್ತ, ಎರಡೆರಡು ಮೀಟರಿಗೆ ಒಬ್ಬರಂತೆ ನಿಂತು, ಕೆಟ್ಟು ನಿಂತ ಕಾರಿಗೆ ಜೋರಾಗಿ ಚಪ್ಪಾಳೆ ತಟ್ಟತೊಡಗಿದರು.

ಶರ್ಮಿಳಾ ತಲೆ ತಿರುಗಿಸಿದಳು. ಅವರ ಕಡೆಗಲ್ಲ. ಹಿಂದಕ್ಕೆ, ಮನೆಯ ಕಡೆಗೆ, ಗೋಡೆಯ ಬಳಿ ನಿಂತಿದ್ದ ವೆಂಕಟೇಶಮೂರ್ತಿಯ ಕಡೆಗೆ. ಅವಳ ಮುಖದಲ್ಲಿ ಪ್ರಶ್ನೆಯಿರಲಿಲ್ಲ.

ಎಲ್ಲರೂ ತಟ್ಟುವಾಗ ತಾನೊಬ್ಬ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಎನ್ನಿಸಿತು. ಅವಳು ನೋಡುತ್ತಿದ್ದಂತೆಯೇ ಅವನ ಎರಡೂ ಕೈ ಮೇಲೆದ್ದವು. ಅವನೂ ತಟ್ಟತೊಡಗಿದ.