ನೀಲಿ ಇಂಟು ಗುರುತು

"ಲೇ ಹಲ್ಲಿ! ಗೋಡೆಗೆ ಮುತ್ತು ಕೊಡ್ತಿದೀಯೇನೋ ಬೋಳಿಮಗನೆ? ಬೇಗ ಬೇಗ ತಟ್ಟು. ಇಂಜಿನಿಯರ್ ಸಾಹೇಬ್ರು ಊಟಕ್ಕೆ ಏಳೋ ಹೊತ್ತಾಯ್ತು!"

ಮ್ಯಾನೇಜರನ ದನಿ ಕೆಳಗಿನಿಂದ ಏರಿ ಬಂತು. ಹಗ್ಗಕ್ಕೆ ಜೋತುಬಿದ್ದವನು ಬಾಯಿ ತೆರೆದರೆ ಒಳಗೆ ಹೋಗುವುದು ಧೂಳು ಮಾತ್ರ. ಹಲ್ಲಿ ಕಿವಿಯನ್ನು ಕಲ್ಲಿನ ಹತ್ತಿರ ಒಯ್ದು ಸಣ್ಣ ಸುತ್ತಿಗೆಯಿಂದ ತಟ್ಟಿದ. ಟಣ್. ಟಣ್. ಗಟ್ಟಿ. ಪಕ್ಕಕ್ಕೆ ಒಂದು ಮೊಳ ಸರಿದು ತಟ್ಟಿದ. ಡಬ್.

ಹಳೇ ಗೋಡೆಗೆ ಅಂಟಿಸಿದ ನುಣ್ಣನೆಯ ಕಲ್ಲುಹಲಗೆ ಹಿಂದಿನ ಹಿಡಿತ ಬಿಟ್ಟಿತ್ತು. ಅದರ ಪಕ್ಕದ್ದೂ ಬಿಟ್ಟಿತ್ತು, ಅದರ ಕೆಳಗಿನದೂ. ಅಷ್ಟೂ ಟೊಳ್ಳು ಮುಂಬಾಗಿಲಿನ ನೆತ್ತಿಯ ಮೇಲೇ ಇತ್ತು. ಸೊಂಟದ ಚೀಲದಿಂದ ನೀಲಿ ಸೀಮೆಸುಣ್ಣ ತೆಗೆದು ಪ್ರತಿ ಕಲ್ಲಿಗೂ ಒಂದೊಂದು ಇಂಟು ಹಾಕಿದ. ತಟ್ಟುವವನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಇಂಜಿನಿಯರು ಕೆಳಗೆ ನಿಂತು ದುರ್ಬೀನಿನಲ್ಲಿ ಇಂಟು ನೋಡಿ ಎಲ್ಲಿ ಅಪಾಯ ಎಂದು ಹೇಳುತ್ತಾನೆ. ಆಮೇಲೆ ಒಡೆಯುವವರು ಬರುತ್ತಾರೆ. ಹಲ್ಲಿಯ ಕಣ್ಣಿಗೆ ಬೀಳುವುದು ಮೂಗಿನ ಮುಂದಿನ ಒಂದು ಮಾರು ಗೋಡೆ. ತಾನು ಹಾಕಿದ ಗುರುತನ್ನು ಪೂರ್ತಿಯಾಗಿ ನೋಡಬೇಕಾದರೆ ಅವನೂ ಎಲ್ಲರಂತೆ ನೆಲಕ್ಕೆ ಇಳಿಯಬೇಕು.

ಇಳಿದವನಿಗೆ ಬಾಯಾರಿತ್ತು. ಮುಂಬಾಗಿಲಿನ ಮೆಟ್ಟಿಲಿಗೆ ಕಾಲಿಟ್ಟಿದ್ದೇ ತಡ, ಮ್ಯಾನೇಜರು ಕೈ ಅಡ್ಡ ಹಿಡಿದ.

"ಎಲ್ಲಿಗೋ?"

"ನೀರು ಸಾರ್. ಒಂಚೂರು ಬಾತ್‌ರೂಮೂ..."

"ನಿನ್ನ ಉಚ್ಚೆ ಹೊಯ್ಯೋಕೆ ಇಟಲಿ ಕಲ್ಲು ಹಾಸಿದೀವೇನೋ? ಗಿಡಕ್ಕೆ ಬಿಡೋ ಪೈಪಿದೆ ನೋಡು, ಅಲ್ಲಿ ಕುಡಿ. ಬಾಯಿ ಹಚ್ಚಬೇಡ, ಗಿಡ ಸತ್ತೋದೀತು."

ಪಕ್ಕದಲ್ಲಿ ನಿಂತಿದ್ದ ಇಂಜಿನಿಯರು ಮೆಲ್ಲಗೆ ನಕ್ಕ. ಅವನ ಬಿಳಿ ಹೆಲ್ಮೆಟ್ಟಿನ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ.

ಕಟ್ಟಡದ ಬಲ ಮಗ್ಗುಲಿಗೆ ಗಲ್ಲಿ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಟಾರ್ಪಾಲಿನ ಗೂಡುಗಳು: ಚಪ್ಪಲಿ ಹೊಲಿಯುವ ಮುದುಕ, ಬೀಗದ ಕೈ ಮಾಡುವವನು, ಕೊನೆಯಲ್ಲಿ ಹೊಲಿಗೆ ಯಂತ್ರದ ಹಿಂದೆ ಹಲ್ಲಿಯ ಅಕ್ಕ. ಹಗಲು ಅಲ್ಲೇ ದುಡಿಮೆ, ರಾತ್ರಿ ಅಲ್ಲೇ ನಿದ್ದೆ. ಅಕ್ಕನ ಗಂಡ ಹಲ್ಲಿಯ ಜೊತೆಗಾರ. ಅವನೂ ಹಿಂದೆ ಹಗ್ಗಕ್ಕೆ ಇಳಿಯುತ್ತಿದ್ದವನೇ. ಒಮ್ಮೆ ಕೈ ಜಾರಿದ ಮೇಲೆ ತಾರಸಿಯಲ್ಲೇ ಉಳಿದು ಹಗ್ಗ ಬಿಡುವುದು, ಎಳೆಯುವುದು ಅವನ ಕೆಲಸವಾಗಿತ್ತು. ಹಲ್ಲಿಯ ಜೀವ ಭಾವನ ಕೈಯಲ್ಲಿತ್ತು.

"ನಮ್ಮ ಗೋಡೆ ಹೆಂಗಿದೆಯೋ?" ಅಕ್ಕ ಪೆಡಲು ತುಳಿಯುತ್ತಲೇ ಕೇಳಿದಳು.

"ನಿನ್ನ ಗಂಡನ ತಲೆಗಿಂತ ಗಟ್ಟಿ. ನಿನ್ನೆನೇ ತಟ್ಟಿದೀನಿ. ಹೆದರ್ಕೋಬೇಡ."

ಅಕ್ಕ ನಕ್ಕಳು. ದಾರ ಹಲ್ಲಿನಲ್ಲಿ ಕಚ್ಚಿದ್ದರಿಂದ ಅರ್ಧ ನಗೆ ಮಾತ್ರ ಹೊರಬಂತು.

ಮಾರನೆಯ ಬೆಳಿಗ್ಗೆ ಹಲ್ಲಿ ಬಂದಾಗ ಗಲ್ಲಿಯಲ್ಲಿ ಯಂತ್ರದ ಸದ್ದಿರಲಿಲ್ಲ. ಎಲ್ಲರೂ ಕತ್ತೆತ್ತಿ ನಿಂತಿದ್ದರು. ಗಲ್ಲಿಯ ಗೋಡೆಯ ತುಂಬ ನೀಲಿ ಇಂಟು. ಓಡಿಹೋಗಿ ಮುಂಭಾಗ ನೋಡಿದ. ಬಾಗಿಲ ನೆತ್ತಿಯ ಕಲ್ಲುಗಳು ತೊಳೆದು ಒರೆಸಿದಂತೆ ಹೊಳೆಯುತ್ತಿದ್ದವು; ನಿನ್ನೆಯ ಗುರುತು ಒಂದೂ ಇರಲಿಲ್ಲ.

"ಬಂದ ನೋಡು ಚಿತ್ರಗಾರ," ಎಂದ ಮುದುಕ. "ಅಕ್ಕ ಹಾಕಿದ ಅನ್ನ ತಿಂದು ಅಕ್ಕನ ನೆತ್ತಿಗೇ ಗುರುತು ಹಾಕಿದೀಯಲ್ಲೋ. ಗೋಡೆ ಬೀಳ್ತದಂತೆ, ಸಂಜೆ ಒಳಗೆ ಖಾಲಿ ಮಾಡಬೇಕಂತೆ. ಮ್ಯಾನೇಜರ್ ಈಗ್ತಾನೆ ಬೊಗಳಿಹೋದ."

"ನಾನು ಹಾಕಿಲ್ಲ ತಾತ."

"ಮತ್ತೆ ಕಾಗೆ ಬಂದು ಹಾಕ್ತೇನೋ? ಈ ಊರಲ್ಲಿ ಗೋಡೆ ಮೇಲೆ ಹರಿಯೋ ಹಲ್ಲಿ ನೀನೊಬ್ನೇ."

ಅಕ್ಕ ಹತ್ತಿರ ಬಂದು ತಮ್ಮನ ಅಂಗೈ ತಿರುಗಿಸಿ ನೋಡಿದಳು. ನೀಲಿ ಇತ್ತು. ಆ ಬಣ್ಣ ಅವನ ಕೈಯಲ್ಲಿ ಯಾವಾಗಲೂ ಇರುತ್ತದೆ. ಆದರೂ ಅವಳು ಕೈ ಬಿಟ್ಟ ರೀತಿ, ಸುಡುವ ಪಾತ್ರೆಯನ್ನು ಕೆಳಗಿಟ್ಟಂತಿತ್ತು.

ಹಲ್ಲಿ ಮತ್ತೊಮ್ಮೆ ಗೋಡೆ ನೋಡಿದ. ಇಂಟುಗಳೆಲ್ಲ ಕಿಟಕಿಗಳ ಸುತ್ತಲೇ ಮುತ್ತಿಕೊಂಡಿದ್ದವು, ಬಾಯಿಯ ಸುತ್ತ ಹುಣ್ಣು ಎದ್ದ ಹಾಗೆ. ಎರಡು ಕಿಟಕಿಗಳ ನಡುವಿನ ಬೋಳು ಗೋಡೆಯಲ್ಲಿ ಒಂದೂ ಇರಲಿಲ್ಲ. ಹಗ್ಗದಲ್ಲಿ ಇಳಿದವನು ನಡುಗೋಡೆ ಬಿಡುತ್ತಾನೆಯೇ? ಇದು ಒಳಗೆ ನಿಂತು ಕೈ ಚಾಚಿದವನ ಕೆಲಸ. ಸೀಮೆಸುಣ್ಣದ ಡಬ್ಬಿ ಇರುವ ಜಾಗ ತಿಳಿದವನ, ಹಗ್ಗಕ್ಕೆ ಇಳಿಯಲು ಹೆದರುವವನ ಕೆಲಸ.

ಆ ಹೆಸರನ್ನು ಅಕ್ಕನೆದುರು ಎತ್ತದೆ ಗಲ್ಲಿಯಿಂದ ಹೊರಬಿದ್ದ.

ಮೊದಲು ಇಂಜಿನಿಯರನ ಬಳಿ ಹೋದ. ಅವನು ಕಾರಿನ ಬಾನೆಟ್ಟಿನ ಮೇಲೆ ಕಾಫಿ ಇಟ್ಟುಕೊಂಡು ನಿಂತಿದ್ದ.

"ಸಾರ್, ಟೊಳ್ಳಿರೋದು ಮುಂದೆ. ಗಲ್ಲಿ ಗೋಡೆ ಗಟ್ಟಿ ಇದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೀರಿ."

"ಗೊತ್ತು," ಎಂದ ಇಂಜಿನಿಯರು, ಎಷ್ಟು ಸಲೀಸಾಗಿ ಎಂದರೆ ಹಲ್ಲಿಗೆ ಮುಂದಿನ ಮಾತೇ ಮರೆತುಹೋಯಿತು. "ಮುಂದಿನ ತಿಂಗಳು ಕೆಳಗಡೆ ದೊಡ್ಡ ಶೋರೂಮ್ ಬರ್ತಿದೆ. ರಿಪೇರಿ ಅಂತ ಬಾಗಿಲಿಗೆ ಅಟ್ಟಣಿಗೆ ಕಟ್ಟಿದ್ರೆ ಯಾರು ಬರ್ತಾರೆ? ಅವ್ರಿಗೆ ಗಾಡಿ ನಿಲ್ಲಿಸೋಕೆ ಗಲ್ಲಿನೂ ಬೇಕು. ನೋಡಪ್ಪಾ, ತಟ್ಟೋದು ನಿನ್ನ ಕೆಲಸ, ಹೇಳೋದು ನನ್ನದು. ಈಗ ಗಲ್ಲಿ ಕಡೆ ಇಳಿದು ಆ ಗುರುತುಗಳ ಪಕ್ಕ ಸುತ್ತಿಗೆ ಹಿಡ್ಕೊಂಡು ನಿಲ್ಲು. ಸಾಕ್ಷಿಗೆ ಫೋಟೋ ಬೇಕು."

"ಮುಂದಿನ ಕಲ್ಲು ಬಿದ್ರೆ?"

"ಇವತ್ತು ಬೀಳಲ್ಲ," ಎಂದು ಇಂಜಿನಿಯರು ಕಾಫಿ ಊದಿದ.

ತಾರಸಿಯಲ್ಲಿ ಭಾವ ಹಗ್ಗದ ಸುರುಳಿ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಅವನ ತೋಳಿನ ಮಡಿಕೆಯಲ್ಲಿ ನೀಲಿ ಪುಡಿ ಕೂತಿತ್ತು.

"ಏನು ಕೊಡ್ತಾರಂತೆ ಭಾವ?"

ಭಾವ ಗಂಟೊಂದನ್ನು ಜಗ್ಗಿ ಬಿಗಿದ. "ನೆಲಮಾಳಿಗೆಲಿ ಒಂದು ರೂಮು. ವಾಚ್‌ಮನ್ ಕೆಲಸ. ಬಾಗಿಲಿರೋ ರೂಮು ಕಣೋ. ನಿನ್ನಕ್ಕ ಬಾಗಿಲು ಹಾಕ್ಕೊಂಡು ಮಲಗಿ ಎಷ್ಟು ಕಾಲ ಆಯ್ತು, ನಿಂಗೇನಾದ್ರೂ ನೆನಪಿದೆಯಾ? ಕುಡುಕ್ರು ಬಂದು ಟಾರ್ಪಾಲ್ ಎತ್ತಿ ನೋಡ್ತಾರೆ, ಅದು ಗೊತ್ತಾ?"

"ಮಿಕ್ಕವ್ರು?"

"ಎಲ್ರಿಗೂ ರೂಮು ಕೊಡಿಸೋಕೆ ನಾನೇನು ಅವರಪ್ಪನಾ?"

"ಅಕ್ಕಂಗೆ ಹೇಳಿದೀಯಾ?"

ಭಾವ ಮತ್ತೆ ಸುರುಳಿ ಬಿಚ್ಚತೊಡಗಿದ. ಒಡೆಯುವವರು ಮುಂಚೆಯೇ ತಂದಿಟ್ಟಿದ್ದ ಚೀಲದಿಂದ ಹಲ್ಲಿ ದೊಡ್ಡ ಸುತ್ತಿಗೆಯನ್ನೂ ಉಳಿಯನ್ನೂ ಹೊರಗೆಳೆದ. ಸೊಂಟದ ಪಟ್ಟಿಗೆ ಹಗ್ಗ ಸಿಕ್ಕಿಸಿ ಮುಂಭಾಗದ ಕಟ್ಟೆಯ ಕಡೆ ನಡೆದ.

"ಲೇ, ಲೇ! ಗಲ್ಲಿ ಕಡೆ ಅಂದಿದಾರೆ!"

"ನಾನು ಮುಂದಕ್ಕೆ ಇಳೀತಿದೀನಿ. ಹಿಡ್ಕೊಳ್ಳೋದು ಬಿಡೋದು ನಿಂಗೆ ಬಿಟ್ಟಿದ್ದು ಭಾವ. ನಿಂಗೇನು, ಬಿಟ್ರೆ ಎರಡು ರೂಮು ಕೊಟ್ಟಾರು."

ಕಟ್ಟೆ ದಾಟಿದ. ಹಗ್ಗ ಒಮ್ಮೆ ಜಗ್ಗಿ, ತಡೆದು, ನಿಧಾನ ಬಿಡಿಸಿಕೊಂಡಿತು. ಪ್ರತಿ ಗೇಣಿಗೂ ಹಲ್ಲಿಯ ಕಿವಿ ಮೇಲಕ್ಕಿತ್ತು. ಭಾವನ ಉಸಿರು ಕೇಳುತ್ತದೆಯೋ, ಹಗ್ಗ ಕೊಯ್ಯುವ ಚಾಕುವಿನ ಸದ್ದು ಕೇಳುತ್ತದೆಯೋ. ಬಾಗಿಲ ನೆತ್ತಿಗೆ ಬಂದು ಬೆರಳಿನಿಂದ ತಟ್ಟಿದ. ಡಬ್.

"ಕೆಳಗಿರೋರೆಲ್ಲ ಸರೀರಿ! ಕಲ್ಲು ಬೀಳ್ತದೆ! ಸರೀರಿ!"

ಗಲ್ಲಿಯಿಂದ ಜನ ಓಡಿಬಂದರು. ಅಕ್ಕ ಎಲ್ಲರಿಗಿಂತ ಮುಂದೆ ಇದ್ದಳು. ಒಂದು ಕ್ಷಣ ಮೇಲೆ ನೋಡಿ, ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತು, ಒಳಗೆ ಹೊರಟವರನ್ನು ಹಿಂದಕ್ಕೆ ತಳ್ಳತೊಡಗಿದಳು. ಮುದುಕ ಚಪ್ಪಲಿ ಕೈಯಲ್ಲೇ ಹಿಡಿದು ಇನ್ನೊಂದು ಪಕ್ಕ ಕಾದ. "ಹಿಂದಕ್ಕೆ ಹೋಗಮ್ಮ, ಮೇಲಿರೋನು ಹುಚ್ಚ!"

ಮೆಟ್ಟಿಲು ಖಾಲಿಯಾದ ಮೇಲೆ ಹಲ್ಲಿ ಸಂದಿಗೆ ಉಳಿ ಕೊಟ್ಟು ಹೊಡೆದ. ಕಲ್ಲು ಹಠ ಮಾಡಲೇ ಇಲ್ಲ. ಇದಕ್ಕೇ ಕಾದಿದ್ದಂತೆ ಕಳಚಿಕೊಂಡು ಹೋಗಿ ಇಟಲಿ ಮೆಟ್ಟಿಲಿನ ಮೇಲೆ ಸಿಡಿಯಿತು. ಬಿಳಿ ಹೆಲ್ಮೆಟ್ಟು ಕಾರಿನ ಹಿಂದೆ ಅಡಗಿತು. ಕಲ್ಲಿದ್ದ ಕಡೆ ಕಪ್ಪು ಬಾಯಿಯೊಂದು ತೆರೆದಿತ್ತು. ಒಳಗೆ ಕಲ್ಲನ್ನು ಹಿಡಿದಿರಬೇಕಿದ್ದ, ತುಕ್ಕು ಹಿಡಿದು ಬೂದಿಯಾದ ಕೊಕ್ಕೆಗಳು.

"ಹಿಡೀರೋ ಆ ಸೂಳೆಮಗನ್ನ!" ಮ್ಯಾನೇಜರು ತಾರಸಿಯ ಕಡೆ ಕೈ ಬೀಸಿ ಅರಚಿದ. "ಲೇ ಮೇಲಿರೋನೇ, ಎಳ್ಕೊಳ್ಳೋ ಅವನ್ನ! ರೂಮು ಬೇಕೋ ಬೇಡವೋ ನಿಂಗೆ? ಎಳಿಯೋ!"

ಬೀದಿಯಲ್ಲಿ ಎಲ್ಲರಿಗೂ ಕೇಳಿತು. ಅಕ್ಕ ಚಾಚಿದ ಕೈಗಳನ್ನು ಇಳಿಸಲಿಲ್ಲ. ಕತ್ತು ಮಾತ್ರ ನಿಧಾನ ಎತ್ತಿದಳು. ಅವಳ ಕಣ್ಣು ತಮ್ಮನನ್ನು ದಾಟಿ ಇನ್ನೂ ಮೇಲಕ್ಕೆ ಹೋಯಿತು.

ಹಗ್ಗ ಮೇಲಕ್ಕೆ ಹೋಗಲಿಲ್ಲ. ಕೆಳಕ್ಕೂ ಬರಲಿಲ್ಲ. ತುದಿಯಲ್ಲಿ ಯಾರೋ ನಡುಗುತ್ತಿರುವುದು ಹಲ್ಲಿಯ ಸೊಂಟಕ್ಕೆ ತಿಳಿಯುತ್ತಿತ್ತು. ಅವನು ಮೇಲೆ ನೋಡಲಿಲ್ಲ. ಪಕ್ಕದ ಕಲ್ಲಿನ ಸಂದಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.