ಬಕೆಟ್ಟಿನಲ್ಲಿ ಬೀಗರು

ಗುರುಪಾದ ಸಿಂದಗಿ ಕಡೆಯಿಂದ ಮುಂಬಯಿಗೆ ಬಂದವನು. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತ, ಆಮೇಲೆ ಜೆಸಿಬಿಗೆ ಗ್ರೀಸ್ ಹಚ್ಚಿದ, ಕಡೆಗೆ ಅದರ ಸೀಟಿನಲ್ಲೇ ಕೂತ. ಕಾಂದಿವಲಿಯ ಅರ್ಧ ಗಟಾರಗಳನ್ನು ತೋಡಿದವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ. ಯಾರೂ ಅಲ್ಲವೆನ್ನುತ್ತಿರಲಿಲ್ಲ.

ಮಶೀನಿನ ವಿಷಯದಲ್ಲಿ ಅವನದೊಂದು ಹಟವಿತ್ತು: ಬಕೆಟ್ಟಿನಲ್ಲಿ ಮನುಷ್ಯರು ಕೂರಬಾರದು. ಒಮ್ಮೆ ಸ್ವತಃ ಕಾಂಟ್ರ್ಯಾಕ್ಟರನೇ ಫೋಟೋ ತೆಗೆಸಿಕೊಳ್ಳಲೆಂದು ಬಕೆಟ್ಟಿನೊಳಗೆ ಹತ್ತಿ ನಿಂತಾಗ, ಗುರುಪಾದ ಎಂಜಿನ್ ಆರಿಸಿ, ಚಾವಿಯನ್ನು ಜೇಬಿಗೆ ಹಾಕಿಕೊಂಡು ಚಹಾ ಕುಡಿಯಲು ಹೊರಟುಹೋಗಿದ್ದ. ಅಂಥವನು ತನ್ನ ಮಗಳ ಮದುವೆಯ ದಿನವೇ ಆ ಹಟವನ್ನು ಬಿಟ್ಟ.

ಮಗಳು ಸೌಮ್ಯಾ ಅಂಧೇರಿಯ ಒಂದು ಆಫೀಸಿನಲ್ಲಿದ್ದಳು. ವರ ಅಮೋಲ್ ಅಲ್ಲೇ ಕೆಲಸದಲ್ಲಿದ್ದ ಬೆಳಗಾವಿ ಮೂಲದ ಹುಡುಗ. ಅವನ ತಂದೆ ಕಾಶಿನಾಥ ವಿಕ್ರೋಳಿಯ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಮನುಷ್ಯ ಕೆಟ್ಟವರಲ್ಲ, ಮರ್ಯಾದೆಯ ಚಿಂತೆ ಮಾತ್ರ ತುಸು ಜಾಸ್ತಿ. ನಿಶ್ಚಿತಾರ್ಥದಲ್ಲಿ ತಮ್ಮ ಬಂಧುಗಳಿಗೆ ಗುರುಪಾದನ ಪರಿಚಯ ಮಾಡಿಸುತ್ತ, "ಇವ್ರು ನಮ್ಮ ಬೀಗ್ರು. ಮಶಿನರಿ ಇಂಜಿನಿಯರ್ ಅದಾರ," ಎಂದುಬಿಟ್ಟರು. ಗುರುಪಾದನಿಗೆ ಒಂದು ಗಳಿಗೆ ಹಿತವೆನಿಸಿತು. ಮನೆಗೆ ಬಂದು ಶರ್ಟು ಬಿಚ್ಚುವಾಗ ಅದೇ ಮಾತು ಚುಚ್ಚತೊಡಗಿತು. ಹೆಂಡತಿ ಶಿವಕುಮಾರಿಗೆ ಹೇಳಿದರೆ ಅವಳು ನಕ್ಕಳು. "ಅಂದ್ರ ಅನ್ಲಿ ಬಿಡ್ರಿ. ಬಾಯಿ ಅವರ್ದು."

ಮದುವೆ ಹತ್ತಿರ ಬಂದಾಗ ಕಾಶಿನಾಥರು ಒಂದು ವಿಡಿಯೋ ತೋರಿಸಿದರು. ಯಾವುದೋ ಊರಿನಲ್ಲಿ ಮದುಮಗ ಹೂವಿನಿಂದ ಸಿಂಗರಿಸಿದ ಜೆಸಿಬಿಯ ಬಕೆಟ್ಟಿನಲ್ಲಿ ಕೂತು, ಕೈ ಬೀಸುತ್ತ ಮಂಟಪಕ್ಕೆ ಬರುತ್ತಿದ್ದ.

"ಬೀಗರ, ಕುದುರಿ ಎಲ್ಲಾರೂ ತರ್ತಾರ. ನಿಮ್ಮ ಕೈಯಾಗ ಮಶೀನ ಐತಿ. ನಮ್ಮ ಹುಡುಗ ಹಿಂಗ ಬಂದ್ರ ಬೆಳಗಾವಿ ಮಂದಿ ಬಾಯಾಗ ಬೆರಳ ಇಟ್ಕೋತಾರ."

"ಅದು ಮಣ್ಣ ಎತ್ತೂ ಬಕೆಟ್ ಐತ್ರಿ. ಮನಷ್ಯಾರ ಕೂಡೂದಲ್ಲ," ಎಂದ ಗುರುಪಾದ.

"ತೊಳದ್ರ ಆತಲ್ರಿ!"

ಸೌಮ್ಯಾಳಿಗೆ ವಿಷಯ ತಿಳಿದು ತಂದೆಯ ಬಳಿ ಬಂದಳು. "ಪಪ್ಪಾ, ನೋ. ಅಮೋಲ್‌ಗೆ ಹೈಟ್ ಅಂದ್ರ ಬಹುತ್ ಡರ್. ಮಾಲ್‌ದಾಗ ಎಸ್ಕಲೇಟರ್ ಮ್ಯಾಲ ಸುದ್ಧಾ ಕಣ್ಣ ಮುಚ್ಚತಾನ."

ಶಿವಕುಮಾರಿ ನೇರವಾಗಿಯೇ ಕೇಳಿದಳು. "ಜಗತ್ತಿಗೆಲ್ಲಾ ಬ್ಯಾಡ ಅಂದವ್ರು ಅಳಿಯನ್ನ ಹತ್ತಸ್ತೀರೇನು?"

"ಒಂದ ಗೇಣ ಎತ್ತತೀನಿ, ಅಷ್ಟ. ಗೇಟಿನ ತನಕ."

ಅವನು ಒಪ್ಪಿದ್ದಕ್ಕೆ ಬೀಗರ ಒತ್ತಾಯವೊಂದೇ ಕಾರಣವಲ್ಲ. ಮದುವೆಗೆ ಬಂದ ಮಂದಿಯೆಲ್ಲ ತಾನು ಮಶೀನು ನಡೆಸುವುದನ್ನು ನೋಡಲಿ ಎಂಬ ಆಸೆ ಅವನಿಗಿತ್ತು. ಗಟಾರ ತೋಡುವವನನ್ನು ಯಾರು ನಿಂತು ನೋಡುತ್ತಾರೆ? ನೋಡಿದರೂ ಮೂಗು ಮುಚ್ಚಿಕೊಂಡೇ ನೋಡುತ್ತಾರೆ.

ಮದುವೆಯ ಬೆಳಿಗ್ಗೆ ಬಕೆಟ್ಟನ್ನು ಸೋಪು ಹಾಕಿ ತೊಳೆದ, ಸಾಲದೆಂದು ಅತ್ತರು ಚಿಮುಕಿಸಿದ. ಮದುವೆ ಹಾಲ್‌ನವರ ಮಖಮಲ್ಲಿನ ಕುರ್ಚಿಯೊಂದನ್ನು ಒಳಗಿಟ್ಟು ಹಗ್ಗದಿಂದ ಬಿಗಿದ. ಚೆಂಡುಹೂವಿನ ಮಾಲೆ ಸುತ್ತಿದ. ಹೊಸ ಧೋತರ, ಹೆಗಲ ಮೇಲೆ ಜರಿಯಂಚಿನ ಉದ್ದ ಶೆಲ್ಲೆ, ತಲೆಗೆ ರುಮಾಲು. ಆ ವೇಷದಲ್ಲೇ ಕ್ಯಾಬಿನ್ನು ಹತ್ತಿದ. ಸೈಟಿನಲ್ಲಿ ಯಾರಾದರೂ ಕೊರಳಿಗೆ ಟವೆಲ್ ಹಾಕಿಕೊಂಡು ಮಶೀನು ಹತ್ತಿದರೆ ಬೈದು ಇಳಿಸುತ್ತಿದ್ದವನಿಗೆ ತನ್ನ ಶೆಲ್ಲೆ ಅಂದು ಕಾಣಲೇ ಇಲ್ಲ.

ಮದುವೆಯ ಹಾಲ್ ಕಾಂದಿವಲಿ ಪೂರ್ವದ ಒಂದು ಕಿರಿದಾದ ರಸ್ತೆಯಲ್ಲಿತ್ತು. ಗೇಟಿಗೆ ಥರ್ಮಾಕೋಲಿನ ದೊಡ್ಡ ಕಮಾನು. ಅದರ ತುಂಬ ಹಗಲಿನಲ್ಲೂ ಮಿಣಮಿಣ ಎನ್ನುವ ಬಲ್ಬಿನ ಸರಗಳು. ರಸ್ತೆಯ ತಿರುವಿನಲ್ಲಿ ಬ್ಯಾಂಡಿನವರು ಶುರುಮಾಡಿದರು. ಅಮೋಲ್ ಬಕೆಟ್ಟಿನ ಹತ್ತಿರ ಬಂದ, ಒಳಗೆ ಬಗ್ಗಿ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ.

"ಪಪ್ಪಾ, ನನ್ನಿಂದ ಆಗಂಗಿಲ್ಲ."

"ಒಂದ ಗೇಣ ಎತ್ತತಾರೋ, ಅಷ್ಟ!" ಎಂದರು ಕಾಶಿನಾಥರು.

"ನೆಲದ ಮ್ಯಾಲ ಇದ್ದಾಗನ ತಲಿ ತಿರಗಾಕತ್ತೈತಿ."

ಬೆಳಗಾವಿಯ ಮಂದಿ ಆಗಲೇ ಮೊಬೈಲು ಎತ್ತಿ ಹಿಡಿದಿದ್ದರು. ಮರ್ಯಾದೆಯ ಪ್ರಶ್ನೆ. ಕಾಶಿನಾಥರು ಧೋತರ ಎತ್ತಿ ಹಿಡಿದು, "ಹೆಂಗ ಕೂಡಬೇಕು ನೋಡಿ ಕಲಿ," ಎನ್ನುತ್ತ ತಾವೇ ಬಕೆಟ್ಟು ಹತ್ತಿ ಕುರ್ಚಿಯ ಮೇಲೆ ವಿರಾಜಮಾನರಾದರು. "ಬಿಡ್ರಿ ಬೀಗರ, ಗಾಡಿ!"

ಗುರುಪಾದ ಬಕೆಟ್ಟನ್ನು ಹೇಳಿದಂತೆ ಒಂದೇ ಗೇಣು ಎತ್ತಿದ. ಮಶೀನು ಆಮೆಯಂತೆ ಹೊರಟಿತು. ಕಾಶಿನಾಥರು ಎರಡೂ ಕಡೆ ಕೈ ಬೀಸಿದರು. ಮಹಡಿಗಳಿಂದ ಹೆಂಗಸರು ಇಣುಕಿದರು. ಗುರುಪಾದನಿಗೆ ರುಮಾಲಿನ ಕೆಳಗಿನ ಕಿವಿಗಳು ಬೆಚ್ಚಗಾದವು. ಗೇಟಿನ ಕಮಾನಿನ ಕೆಳಗೆ ಮಶೀನು ನಿಲ್ಲಿಸಿದ. ಇನ್ನು ಬಕೆಟ್ಟು ಇಳಿಸುವುದಷ್ಟೇ ಬಾಕಿ.

ಆಗ ಹಿಂದಿನಿಂದ ಒಂದು ರಿಕ್ಷಾ ಬಿಡದೆ ಹಾರ್ನ್ ಹೊಡೆಯಿತು. ಅದಕ್ಕೆ ಬೈಯಲೆಂದು ಗುರುಪಾದ ಇಡೀ ಮೈ ತಿರುಗಿಸಿದ. ಶೆಲ್ಲೆಯ ತುದಿ ಯಾವಾಗಲೋ ಬಕೆಟ್ಟಿನ ಲಿವರಿಗೆ ಸುತ್ತಿಕೊಂಡಿತ್ತು. ಅವನು ತಿರುಗಿದ, ಶೆಲ್ಲೆ ಬಿಗಿಯಿತು, ಲಿವರು ಹಿಂದಕ್ಕೆ ಬಂತು.

ಬಕೆಟ್ಟು ಬೀಗರನ್ನು ಹೊತ್ತು ಸೊಯ್ಯನೆ ಮೇಲೆದ್ದಿತು.

"ಬೀಗರss!" ಎಂಬ ಕೂಗು ಮೇಲಿನಿಂದ ಬಂತು. ಹಿಂದೆಯೇ ಥರ್ಮಾಕೋಲು ಮುರಿಯುವ ಸದ್ದು. ಗುರುಪಾದ ಎಂಜಿನ್ ಆರಿಸುವಷ್ಟರಲ್ಲಿ ಬಕೆಟ್ಟು ಕಮಾನನ್ನು ನಡುವೆ ಒಡೆದು, ಬಲ್ಬಿನ ಸರಗಳನ್ನೆಲ್ಲ ತನ್ನ ಹಲ್ಲುಗಳಿಗೆ ಸಿಕ್ಕಿಸಿಕೊಂಡು ನಿಂತಿತ್ತು. 'ಸುಸ್ವಾಗತ'ದ 'ಸು' ಕಾಶಿನಾಥರ ಮಡಿಲಿಗೆ ಬಿದ್ದಿತ್ತು.

ಮಂದಿ ಜೋರಾಗಿ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದಲ್ಲಿ ಇದ್ದದ್ದೇ ಎಂದುಕೊಂಡರು. ಬ್ಯಾಂಡಿನವರು ಇನ್ನೂ ಜೋರಿನ ಹಾಡು ಹಚ್ಚಿದರು.

"ಬಂದ್ ಮಾಡ್ರೋ!" ಗುರುಪಾದ ಕ್ಯಾಬಿನ್ನಿನಿಂದ ಚೀರಿದ. "ಯಾರೂ ಹತ್ರ ಬರಬ್ಯಾಡ್ರಿ! ವಾಯರ್‌ದಾಗ ಕರೆಂಟ್ ಐತಿ! ಮಶೀನ ಮುಟ್ಟಬ್ಯಾಡ್ರಿ! ಬೀಗರ, ಕಬ್ಬಿಣ ಮುಟ್ಟಬ್ಯಾಡ್ರಿ, ಕಾಲ ಮ್ಯಾಲ ತಗೋರಿ!"

ಚಪ್ಪಾಳೆ ನಿಂತಿತು. ಮೇಲೆ ಕಾಶಿನಾಥರು ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಮೊಣಕಾಲಿನ ಮೇಲೆ ಕೈಯಿಟ್ಟು, ತಪಸ್ಸಿಗೆ ಕೂತವರಂತೆ ಕೂತರು. ಸುತ್ತ ಬಲ್ಬುಗಳು ಕೆಂಪಾಗಿ, ಹಸಿರಾಗಿ ಮಿಣುಕುತ್ತಲೇ ಇದ್ದವು.

ಕರೆಂಟು ತೆಗೆಯಲು ಓಡಿದವರು ಅಷ್ಟೇ ವೇಗದಲ್ಲಿ ವಾಪಸು ಬಂದರು. ಮೀಟರ್ ಕೋಣೆಗೆ ಬೀಗ. ಅದರ ಚಾವಿ ಹಾಲ್‌ನ ಮ್ಯಾನೇಜರ್ ತಿಲಕ್‌ನ ಬಳಿ. ತಿಲಕ್ ಬೋರಿವಲಿಯ ಕಡೆ ಹೋದವನು ಹೈವೇ ಟ್ರಾಫಿಕ್ಕಿನಲ್ಲಿದ್ದ. ಫೋನಿನಲ್ಲಿ, "ಬಸ್, ಪೋಹೋಚ್‌ತೋಚ್ ಆಹೇ," ಇನ್ನೇನು ಬಂದೇಬಿಟ್ಟೆ, ಎಂದ. ಹಿಂದೆ ಲಾರಿಗಳ ಹಾರ್ನು ಕೇಳುತ್ತಿತ್ತು.

"ಏನ್ರಿ ಬೀಗರ, ಇಂಜಿನಿಯರ್ ಅದೀರಲ್ಲ, ಏನರ ಮಾಡಿ ಇಳಸ್ರಿ!" ಎಂದು ಕಾಶಿನಾಥರು ಮೇಲಿನಿಂದ ಕೂಗಿದರು.

ಗುರುಪಾದನ ಸಹನೆ ಮೀರಿತು. ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಇಡೀ ರಸ್ತೆಗೆ ಕೇಳುವಂತೆ, "ನಾ ಇಂಜಿನಿಯರ್ ಅಲ್ರಿ! ಡ್ರೈವರ್ ಅದೀನಿ! ಅದೂ ಇವತ್ತ ಚೊಲೋ ಡ್ರೈವರ್ ಅಲ್ಲ!" ಎಂದ.

ಬೆಳಗಾವಿಯ ಮಂದಿ ಕಾಶಿನಾಥರನ್ನು ನೋಡಿದರು. ಕಾಶಿನಾಥರು ಆಕಾಶ ನೋಡಿದರು.

ಒಳಗಿನಿಂದ ಮದುವೆ ಮಾಡಿಸುವ ಅಯ್ಯನವರು ಬಂದರು. "ಅಕ್ಕಿಕಾಳಿನ ಹೊತ್ತ ಮೀರತೈತಿ. ಹುಡುಗಿ ತಂದಿ ಎಲ್ಲಿ?"

"ಮಶಿನ್ಯಾಗ," ಎಂದಳು ಶಿವಕುಮಾರಿ.

"ಹುಡುಗನ ತಂದಿ?"

ಅವಳು ಮೇಲೆ ಬೆರಳು ತೋರಿಸಿದಳು. ಅಯ್ಯನವರು ತಲೆ ಎತ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಗುರುಪಾದನಿಗೆ ಕ್ಯಾಬಿನ್ನಿನಿಂದ ಕೆಳಗಿಳಿಯುವಂತಿರಲಿಲ್ಲ. ಮಶೀನಿಗೆ ಕರೆಂಟು ತಗುಲಿದ್ದರೆ, ಮೊದಲು ನೆಲಕ್ಕೆ ಕಾಲಿಟ್ಟವನೇ ಹೋಗುತ್ತಾನೆ. ಅಷ್ಟರಲ್ಲಿ ಸೌಮ್ಯಾ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದಳು. ಮೇಲೆ ನೋಡಿದಳು, ಕ್ಯಾಬಿನ್ನು ನೋಡಿದಳು, ಗೋಡೆಗೆ ಆತುಕೊಂಡು ಬೆವರುತ್ತಿದ್ದ ಅಮೋಲನನ್ನೂ ನೋಡಿದಳು.

"ಶಾದಿ ಇಲ್ಲೇ ಮಾಡೂಣು," ಎಂದಳು. "ದೋನೋ ಪಪ್ಪಾಗೋಳಿಗೆ ಕಾಣಸ್ತದ. ದೂರ ನಿಂತು ಮಾಡೂಣು, ಬಸ್."

ಮಣೆಗಳು ಹೊರಗೆ ಬಂದವು. ಮಶೀನಿನಿಂದ ದೂರ, ಹಾಲ್‌ನ ಅಂಗಳದ ಆಚೆ ತುದಿಯಲ್ಲಿ ಜೋಡಿ ನಿಂತಿತು. ಧಾರೆಯನ್ನು ಶಿವಕುಮಾರಿ ಒಬ್ಬಳೇ ಎರೆದಳು. ಗುರುಪಾದ ಕ್ಯಾಬಿನ್ನಿನ ಗಾಜಿನ ಹಿಂದೆ ಕೈ ಮುಗಿದು ಕೂತಿದ್ದ. ಮಗಳ ಕೊರಳಿಗೆ ತಾಳಿ ಬೀಳುವಾಗ ಎದುರಿಗೆಲ್ಲ ಮಂಜುಮಂಜಾಯಿತು. ಅವನು ರೂಢಿಯಂತೆ ವೈಪರ್ ಹಾಕಿದ. ಗಾಜು ಒಣಗಿಯೇ ಇತ್ತು. ಅದರ ಮೇಲೆ ವೈಪರ್ ಕಿರ್ ಕಿರ್ ಎಂದು ಓಡಾಡಿತು.

ಮೇಲೆ ಕಾಶಿನಾಥರಿಗೆ ಅಕ್ಷತೆಯ ಅಕ್ಕಿಕಾಳು ಎಲ್ಲಿಂದ ಬರಬೇಕು? ತಮ್ಮ ಕೊರಳ ಹಾರದ ಹೂಗಳನ್ನೇ ಕಿತ್ತು ಎಸೆದರು. ಜೋಡಿಯನ್ನು ಒಂದೂ ಮುಟ್ಟಲಿಲ್ಲ, ಎಲ್ಲವೂ ಗಾಳಿಗೆ ಹಿಂದೆ ಹಾರಿ ರಿಕ್ಷಾದವನ ಮೇಲೆ ಬಿದ್ದವು. ಅವನು ಹಾರ್ನ್ ಹೊಡೆಯುವುದನ್ನು ಬಿಟ್ಟು ಮದುವೆ ನೋಡುತ್ತ ನಿಂತಿದ್ದ.

ಎಲ್ಲ ಮುಗಿದ ಮೇಲೆ ತಿಲಕ್ ಓಡಿಬಂದ. ಮೀಟರ್ ಕೋಣೆ ತೆರೆಯಿತು, ಬಲ್ಬುಗಳು ಆರಿದವು. ಡೆಕೊರೇಶನ್ನಿನವರು ಏಣಿ ಹಾಕಿ ವೈರು ಕತ್ತರಿಸಿದರು, ಒಡೆದ ಕಮಾನನ್ನು ಹಗ್ಗ ಕಟ್ಟಿ ಸರಿಸಿದರು. ಗುರುಪಾದ ಶೆಲ್ಲೆಯನ್ನು ಬಿಡಿಸಿ ಹೊರಗೆ ಎಸೆದ. ರುಮಾಲನ್ನೂ ಎಸೆದ. ಆಮೇಲೆ, ಕೆನೆ ಕದಡದಂತೆ ಹಾಲಿನ ಪಾತ್ರೆ ಇಳಿಸುವವನ ಹಾಗೆ, ಬೀಗರನ್ನು ನೆಲಕ್ಕಿಳಿಸಿದ.

ಕಾಶಿನಾಥರ ಕಾಲುಗಳಿಗೆ ಜೋಮು ಹಿಡಿದಿತ್ತು. ಇಬ್ಬರು ಹಿಡಿದು ಇಳಿಸಿದರು. ಅಮೋಲ್ ಓಡಿಬಂದು ಅಪ್ಪನನ್ನು ತಬ್ಬಿಕೊಂಡ. "ಹೆಂಗ ಕೂಡಬೇಕಂತ ನೋಡಿದ್ನಿ ಪಪ್ಪಾ," ಎಂದ. ಸೌಮ್ಯಾ ಅವನ ಪಕ್ಕೆಗೆ ತಿವಿದಳು.

ಊಟದ ಹೊತ್ತಿಗೆ ವಿಡಿಯೋ ಕಾಂಟ್ರ್ಯಾಕ್ಟರನಿಗೂ ತಲುಪಿತ್ತು. ಅವನು ಫೋನಿನಲ್ಲೇ ಚೀರಾಡಿ, ಮಳೆಗಾಲ ಮುಗಿಯುವವರೆಗೆ ಮಶೀನು ಮುಟ್ಟಬೇಡ, ಗೋಡೌನಿನಲ್ಲಿ ಕೂತಿರು ಎಂದ. ಗುರುಪಾದ, "ಬರೋಬ್ಬರ ಐತ್ರಿ ಶೇಠ," ಎಂದು ಫೋನಿಟ್ಟ.

ಬೀಗರ ಪಂಕ್ತಿಗೆ ತಾನೇ ಬಡಿಸಬೇಕೆಂದು ತುಪ್ಪದ ತಂಬಿಗೆ ಹಿಡಿದು ಹೊರಟ. ಕಾಶಿನಾಥರ ತಾಟಿನಲ್ಲಿ ಹೋಳಿಗೆ ಬಿದ್ದಿತ್ತು. ಗುರುಪಾದ ಬಗ್ಗಿದ. ಆಗಲೇ ಅವನಿಗೆ ಲಿವರು ಕಣ್ಣ ಮುಂದೆ ಬಂತು. ಹಿಂದಕ್ಕೆ ಎಳೆದರೆ ಬಕೆಟ್ಟು ಮೇಲೇರುತ್ತದೆ. ಅದೇ ಶೆಲ್ಲೆ ಪಕ್ಕಕ್ಕೆ ಎಳೆದಿದ್ದರೆ? ಬಕೆಟ್ಟು ಬೋರಲಾಗುತ್ತಿತ್ತು. ತುಪ್ಪ ಹೋಳಿಗೆ ಬಿಟ್ಟು ಉಪ್ಪಿನಕಾಯಿಯ ಮೇಲೆ ಬಿತ್ತು.

"ತಪ್ಪಾತ್ರಿ ಬೀಗರ. ಇಷ್ಟ ವರ್ಷ ಯಾರನ್ನೂ ಕೂಡಿಸಿದ್ದಿಲ್ಲ," ಎಂದ.

"ನೀವ ಬ್ಯಾಡ ಅಂದ್ರಿ. ನಾ ಕೇಳಲಿಲ್ಲ," ಎಂದರು ಕಾಶಿನಾಥರು. ತಾಟು ಎತ್ತಿ ತಂಬಿಗೆಯ ಹತ್ತಿರ ಹಿಡಿದರು. ತಾಟು ಒಂದು ಕಡೆ, ತಂಬಿಗೆ ಒಂದು ಕಡೆ ತೂಗಾಡಿ, ತುಪ್ಪ ಇಬ್ಬರ ಧೋತರದ ಮೇಲೂ ಧಾರೆಯಾಗಿ ಇಳಿಯಿತು.

ಶಿವಕುಮಾರಿ ಬಂದು ತಂಬಿಗೆ ಕಸಿದುಕೊಂಡಳು. "ನೀವಿಬ್ರೂ ಸುಮ್ಮ ಕುಂತ ಉಣ್ರಿ. ಬಡಸಾಕ ಮಂದಿ ಅದಾರ," ಎಂದಳು.

ಗುರುಪಾದ ಬೀಗರ ಪಕ್ಕದಲ್ಲೇ ಕೂತ. ಇಬ್ಬರೂ ಹೋಳಿಗೆ ಮುರಿದರು.