ವಿಟೂನ್ ಬಿಡದ ಬುದ್ಧ

ತಾ ಪ್ರಾ ಚಾನ್ ಗಲ್ಲಿಯ ತಾಯಿತದ ಸಂತೆಯಲ್ಲಿ ಬುಪ್ಪಾ ತನ್ನ ಗಂಡನಿಗಾಗಿ ಒಂದು ಬುದ್ಧನ ಬಿಲ್ಲೆ ಹುಡುಕುತ್ತಿದ್ದಳು. ಆತ ಹೊಸದಾಗಿ ಬಾಡಿಗೆಗೆ ಬೈಕ್ ಓಡಿಸತೊಡಗಿದ್ದ. ಅದೇ ಕೆಲಸದಲ್ಲಿದ್ದ ಅವಳ ತಮ್ಮ ವಿಟೂನ್‌ನನ್ನು ಕಳೆದ ಮಳೆಗಾಲದಲ್ಲಿ ಯಾರೋ ಸೇತುವೆಯ ಕೆಳಗೆ ಇರಿದು ಕೊಂದಿದ್ದರು. ಕೊಂದವರು ಸಿಕ್ಕಿರಲಿಲ್ಲ.

ಮುದುಕನೊಬ್ಬನ ಅಂಗಡಿಯ ತಟ್ಟೆಯ ಮೂಲೆಯಲ್ಲಿದ್ದ ಮಣ್ಣಿನ ಬಿಲ್ಲೆಯೊಂದರ ಮೇಲೆ ಅವಳ ಕೈ ನಿಂತುಬಿಟ್ಟಿತು. ಮುಕ್ಕಾದ ಅಂಚಿಗೆ ಕೆಂಪು ಉಗುರುಬಣ್ಣ. ಅದನ್ನು ಬಳಿದವಳು ಅವಳೇ. ತಮ್ಮನ ಕೊರಳಿಗೆ ಕಟ್ಟಿದವಳೂ ಅವಳೇ.

"ಇದೆಲ್ಲಿ ಸಿಕ್ತಜ್ಜ?"

ಭೂತಗನ್ನಡಿ ಹಿಡಿದಿದ್ದ ಮುದುಕ ಎದುರಿನ ಪಪ್ಪಾಯಿ ಕೋಸಂಬರಿ ಅಂಗಡಿಯ ಕಡೆ ಗದ್ದ ತೋರಿಸಿದ. "ಅಗೋ, ತಿಂತಾ ಕೂತಿದಾನಲ್ಲ, ಕ್ರಿಯಾಂಗ್. ಈಗಷ್ಟೇ ತಂದುಕೊಟ್ಟ. ಒಳ್ಳೇ ಮಾಲು ಕಣಮ್ಮ. ಕಟ್ಕೊಂಡ್ರೆ ಚಾಕು ಚೂರಿ ಯಾವುದೂ ತಾಗಲ್ಲ."

ಬುಪ್ಪಾ ಹೋಗಿ ಅವನ ಮುಖಕ್ಕೆ ಬಿಲ್ಲೆ ಹಿಡಿದಳು. "ಇದು ನನ್ನ ತಮ್ಮ ವಿಟೂನಂದು."

ಕ್ರಿಯಾಂಗ್ ಬಾಯಲ್ಲಿದ್ದುದನ್ನು ನುಂಗಲಿಲ್ಲ. ಎದ್ದವನೇ ಸೊಂಟದಿಂದ ಚಾಕು ಎಳೆದು ಬೀಸಿದ. ಅವಳ ಅಂಗೈ ಸೀಳಿಹೋಯಿತು.  ಅವಳು ಅಂಗಡಿಯವಳ ಒರಳಿನಿಂದ ಮರದ ಕುಟ್ಟುಗೋಲು ಕಿತ್ತುಕೊಂಡು ಅವನ ಮಣಿಕಟ್ಟಿಗೆ ಬಾರಿಸಿದಳು. ಮೂಳೆ ಲಟಕ್ಕೆಂದಿತು, ಚಾಕು ಬಿತ್ತು. ಆಮೇಲೆ ಮಂಡಿಗೆ, ದವಡೆಗೆ. ಮೇಜಿನ ಸಮೇತ ಉರುಳಿದವನ ಎದೆಯ ಮೇಲೆ ಮಂಡಿಯೂರಿ ಕೂತಳು.

"ಯಾಕೋ ಕೊಂದೆ? ಬೊಗಳೋ, ಹಲ್ಕಾ ನನ್ಮಗನೇ!"

"ಬೈಕ್ ಕೊಟ್ಟ, ಜೇಬಲ್ಲಿದ್ದದ್ದೂ ಕೊಟ್ಟ," ರಕ್ತ ಉಗುಳುತ್ತ ಅವನು ತೊದಲಿದ. "ಇದೊಂದನ್ನ ಬಿಡಲಿಲ್ಲ. ಅಕ್ಕ ಕಟ್ಟಿದ್ದು, ಕೊಡಲ್ಲ ಅಂದ. ಮುಷ್ಟಿ ಬಿಗಿ ಹಿಡಿದ…"

ಮೇಲೆತ್ತಿದ ಕುಟ್ಟುಗೋಲು ಅಲ್ಲೇ ನಿಂತಿತು. ಅವನ ತಲೆ ಒಡೆಯಲು ಇನ್ನೊಂದು ಏಟು ಸಾಕಿತ್ತು. ಆದರೆ ಅವಳು ಅದನ್ನು ಪಕ್ಕಕ್ಕೆ ಎಸೆದಳು. ಪೊಲೀಸರು ಬಂದಾಗ ಅವಳು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು.

ಕೊಲೆಗಾರ ಸಿಕ್ಕ ಸುದ್ದಿ ಕೇಳಿ ಠಾಣೆಗೆ ತಾಯಿ ಓಡೋಡಿ ಬಂದಳು. "ಸತ್ನಾ?"

"ಇಲ್ಲಮ್ಮ. ಆಸ್ಪತ್ರೇಲಿದಾನೆ."

ತಾಯಿ ಮಗಳ ಕೆನ್ನೆಗೆ ಫಟಾರನೆ ಬಿಟ್ಟಳು. "ಯಾಕೇ ಬಿಟ್ಟೆ ಅವನ್ನ?"

"ನನ್ನಿಂದಾನೇ ವಿಟೂನ್ ಸತ್ತಿದ್ದಮ್ಮ," ಎಂದ ಬುಪ್ಪಾ, ಕ್ರಿಯಾಂಗ್ ಹೇಳಿದ್ದನ್ನೆಲ್ಲ ಹೇಳಿದಳು.

ತಾಯಿ ಹೆಗಲ ಮೇಲಿನ ವಸ್ತ್ರ ಹರಿದು ಮಗಳ ಅಂಗೈಗೆ ಬಿಗಿಯಾಗಿ ಸುತ್ತಿ, ಠಾಣೆಯವರ ಕಡೆ ತಿರುಗಿ ಕೂಗಿದಳು: "ಏನ್ ನೋಡ್ತಾ ನಿಂತಿದೀರ್ರಯ್ಯಾ? ನನಗೆ ಉಳಿದಿರೋಳು ಇವಳೊಬ್ಬಳೇ. ಡಾಕ್ಟರನ್ನ ಕರೆಸಿ!"